ಕಾರಿನ ಡಿಸ್‌ಪ್ಲೇ ಚಿಪ್ ಓದಲು ಎಂಥ ಪ್ರೋಗ್ರಾಮರ್ ಬೇಕು?

ಕಾರಿನ ಡ್ಯಾಶ್‌ಬೋರ್ಡ್ ಪರದೆ ಪೂರ್ತಿ ಕಪ್ಪಾಗಿದೆ, ಇಲ್ಲವೇ ಲೋಗೋ ತೋರಿಸಿ ಅಲ್ಲಿಗೇ ನಿಂತುಬಿಡುತ್ತದೆ. ರಿಪೇರಿಗೆ ಕೈಹಾಕುವ ಮೊದಲು ಒಳಗಿನ ಮೆಮೊರಿ ಚಿಪ್‌ನ ಪ್ರತಿ ತೆಗೆದಿಟ್ಟುಕೊಳ್ಳಬೇಕು. ಕಿಲೋಮೀಟರ್ ಲೆಕ್ಕ, ರೇಡಿಯೋ ಕೋಡ್, ಆ ಕಾರಿಗಷ್ಟೇ ಹೊಂದುವ ಸೆಟ್ಟಿಂಗ್‌ಗಳು ಇರುವುದು ಅಲ್ಲೇ. ಅವು ಅಳಿಸಿಹೋದರೆ ಬೇರೆ ಕಾರಿನ ಫೈಲ್ ತಂದು ತುಂಬಿದರೂ ಉಪಯೋಗವಾಗದೆ ಹೋಗಬಹುದು. ಪ್ರತಿ ತೆಗೆಯಲು ಬೇಕಾದ ಸಾಧನವೇ ಪ್ರೋಗ್ರಾಮರ್. ಹಲವರು ಅದನ್ನು ಮೊದಲು ಕೊಂಡು, ಡಿಸ್‌ಪ್ಲೇಯನ್ನು ಆಮೇಲೆ ಬಿಚ್ಚುತ್ತಾರೆ. ಕ್ರಮ ತಿರುಗಬೇಕು: ಮೊದಲು ಚಿಪ್ ಯಾವುದೆಂದು ನೋಡಿ, ಆಮೇಲೆ ಸಾಧನ ಆರಿಸಿ.

ಮೊದಲು ನಂಬರ್ ಓದಿ

ಬೋರ್ಡ್ ಹೊರತೆಗೆದು, ಭೂತಗನ್ನಡಿ ಹಿಡಿದು ಚಿಪ್‌ನ ಮೇಲಿನ ಬರಹ ಓದಿ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೂ ಸಾಕು. ಎಂಟು ಕಾಲಿನ ಪುಟ್ಟ ಚಿಪ್ ಕಂಡು, ಅದರ ಮೇಲೆ 24ಸಿ, 93ಸಿ ಅಥವಾ 95 ಎಂದು ಶುರುವಾಗುವ ನಂಬರ್ ಇದ್ದರೆ ಅದು ಇಇಪ್ರಾಮ್, ಅಂದರೆ ಕರೆಂಟ್ ಹೋದರೂ ಮಾಹಿತಿ ಉಳಿಸಿಕೊಳ್ಳುವ ಚಿಕ್ಕ ಮೆಮೊರಿ. ಸಾಮಾನ್ಯವಾಗಿ ಹಿಡಿಸುವುದು ಕೆಲವು ನೂರು ಬೈಟ್‌ನಿಂದ ಕೆಲವು ಕಿಲೋಬೈಟ್ ಮಾತ್ರ, ಆದರೆ ಮೀಟರ್ ಕ್ಲಸ್ಟರ್‌ಗಳಲ್ಲಿ (ವೇಗ, ಕಿಲೋಮೀಟರ್ ತೋರಿಸುವ ಭಾಗ) ಮುಖ್ಯ ಮಾಹಿತಿ ಹೆಚ್ಚಾಗಿ ಕೂತಿರುವುದು ಇಲ್ಲೇ. 25ಕ್ಯು ಅಥವಾ 25ಎಲ್ ಎಂದಿದ್ದರೆ ಅದು ಎಸ್‌ಪಿಐ ಫ್ಲ್ಯಾಷ್, ಇಇಪ್ರಾಮ್‌ಗಿಂತ ದೊಡ್ಡ ಮೆಮೊರಿ. ನಂಬರ್‌ನಲ್ಲಿರುವ ಅಳತೆ ಬಿಟ್‌ಗಳದ್ದು ಎಂಬುದು ನೆನಪಿರಲಿ. ಡಬ್ಲ್ಯು25ಕ್ಯು64 ಎಂದರೆ 64 ಮೆಗಾಬಿಟ್, ಅಂದರೆ 8 ಮೆಗಾಬೈಟ್.

ನಕ್ಷೆ, ಹಾಡು, ಕ್ಯಾಮೆರಾ ಎಲ್ಲ ಇರುವ ದೊಡ್ಡ ಪರದೆಯಾದರೆ ಒಳಗೆ ನ್ಯಾಂಡ್ (ಇನ್ನೂ ದೊಡ್ಡ ಫ್ಲ್ಯಾಷ್ ಮೆಮೊರಿ) ಅಥವಾ ಇಎಂಎಂಸಿ (ನ್ಯಾಂಡ್ ಮತ್ತು ಅದನ್ನು ನಿಭಾಯಿಸುವ ಕಂಟ್ರೋಲರ್ ಒಂದೇ ಚಿಪ್‌ನಲ್ಲಿ) ಇರುವ ಸಾಧ್ಯತೆ ಹೆಚ್ಚು. ಇಎಂಎಂಸಿಗೆ ಹೊರಗೆ ಕಾಲುಗಳೇ ಕಾಣುವುದಿಲ್ಲ. ಬೆಸುಗೆಯ ಪುಟ್ಟ ಗುಂಡುಗಳು ಹೊಟ್ಟೆಯ ಕೆಳಗಿರುತ್ತವೆ. ಪದೇಪದೇ ಬರೆಸಿಕೊಂಡು ಸವೆದುಹೋಗುವುದು ಈ ಚಿಪ್‌ಗಳ ದೊಡ್ಡ ತೊಂದರೆ. 2021ರಲ್ಲಿ ಅಮೆರಿಕದಲ್ಲಿ ಟೆಸ್ಲಾ ಕಂಪನಿ ಸುಮಾರು 1,35,000 ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಪರದೆಯ 8 ಜಿಬಿ ಇಎಂಎಂಸಿ ಹೀಗೆ ಸವೆಯುತ್ತಿದ್ದುದರಿಂದಲೇ. ಆದ್ದರಿಂದ ಪರದೆ ಆಗಾಗ ತಾನೇ ರೀಸ್ಟಾರ್ಟ್ ಆಗತೊಡಗಿದಾಗಲೇ ಪ್ರತಿ ತೆಗೆಯಿರಿ. ಪೂರ್ತಿ ಸತ್ತ ಮೇಲೆ ಯಾವ ಪ್ರೋಗ್ರಾಮರ್ ಇದ್ದರೂ ಕೆಲಸ ಕಷ್ಟ.

ಇನ್ನೊಂದು ಸಂದರ್ಭವೂ ಉಂಟು. ಪ್ರತ್ಯೇಕ ಮೆಮೊರಿ ಚಿಪ್ ಇಲ್ಲದೆ ಮಾಹಿತಿಯೆಲ್ಲ ಮೈಕ್ರೋಕಂಟ್ರೋಲರ್ (ಬೋರ್ಡ್ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಒಳಗೇ ಇರಬಹುದು. ಅದನ್ನು ಓದುವ ಸಾಧನಗಳೇ ಬೇರೆ, ಜೊತೆಗೆ ಓದದಂತೆ ತಡೆಯುವ ಲಾಕ್ ಕೂಡ ಇರಬಹುದು. ಅಲ್ಲಿ ಮೊದಲ ಬಾರಿಗೆ ಪ್ರಯೋಗ ಮಾಡುವುದು ಬೇಡ, ಅನುಭವಿಗಳಿಗೆ ಒಪ್ಪಿಸಿ.

ವೋಲ್ಟೇಜ್ ನೋಡಿ

ಚಿಪ್ ಸುಟ್ಟುಹೋಗುವುದು ಬಹುಪಾಲು ಇಲ್ಲಿ ಎಡವಿದಾಗ. 5, 3.3, 1.8 ವೋಲ್ಟ್, ಈ ಮೂರರಲ್ಲಿ ಯಾವುದು ಎಂದು ಆ ನಂಬರ್‌ನ ಡೇಟಾಶೀಟ್ (ತಯಾರಕರು ಕೊಡುವ ವಿವರಪತ್ರ) ತೆರೆದು ಖಚಿತಪಡಿಸಿಕೊಳ್ಳಿ. ಒಂದೇ ಅಕ್ಷರದ ವ್ಯತ್ಯಾಸದಲ್ಲಿ ವೋಲ್ಟೇಜ್ ಬದಲಾಗುತ್ತದೆ: ಡಬ್ಲ್ಯು25ಕ್ಯು64ಎಫ್‌ವಿ 3.3 ವೋಲ್ಟ್‌ನದು, ಎಫ್‌ಡಬ್ಲ್ಯು ಎಂದಿದ್ದರೆ 1.8 ವೋಲ್ಟ್‌ನದು.

ಈಗ ಸಾಧನ

ಎಲ್ಲಕ್ಕಿಂತ ಅಗ್ಗದ್ದು ಸಿಎಚ್341ಎ. 24 ಮತ್ತು 25 ಸರಣಿಗೆ ಅದು ಸಾಲುತ್ತದೆ, ಲಿನಕ್ಸ್‌ನ ಫ್ಲ್ಯಾಷ್‌ರಾಮ್ ಎಂಬ ಉಚಿತ ತಂತ್ರಾಂಶದಲ್ಲೂ ಎಸ್‌ಪಿಐ ಚಿಪ್ ಓದುತ್ತದೆ. ಆದರೆ ಬಹಳ ಕಡೆ ಸಿಗುವ ಅದರ ಕಪ್ಪು ಬೋರ್ಡ್‌ನಲ್ಲಿ ಒಂದು ದೋಷವಿದೆ. ಚಿಪ್‌ಗೆ ಹೋಗುವ ಪವರ್ 3.3 ವೋಲ್ಟ್ ಇದ್ದರೂ ಡೇಟಾ ತಂತಿಗಳಲ್ಲಿ 5 ವೋಲ್ಟ್ ಬರುತ್ತದೆ. ಬೇರೆ ಪ್ರತಿ ಎಲ್ಲೂ ಸಿಗದ ಚಿಪ್‌ಗೆ ನಾನು ಅದನ್ನು ಸೂಚಿಸುವುದಿಲ್ಲ. ಕೊಳ್ಳುವಾಗ ಮಲ್ಟಿಮೀಟರ್‌ನಲ್ಲಿ ಅಳೆದು ನೋಡಿ, 1.8 ವೋಲ್ಟ್‌ನ ಚಿಪ್‌ಗಂತೂ ಪ್ರತ್ಯೇಕ ಅಡಾಪ್ಟರ್ ಬೇಕೇ ಬೇಕು.

ಕ್ಲಸ್ಟರ್ ಕೆಲಸ ಆಗಾಗ ಬರುವುದಾದರೆ ಟಿಎಲ್866 ಟು ಪ್ಲಸ್ ಅಥವಾ ಟಿ48ನಂಥ ಯೂನಿವರ್ಸಲ್ ಪ್ರೋಗ್ರಾಮರ್‌ಗೆ ಹಣ ಹಾಕುವುದು ಲೇಸು. ಮೂರೂ ಬಗೆಯ ಇಇಪ್ರಾಮ್ ಓದುತ್ತದೆ, ತಂತ್ರಾಂಶದಲ್ಲಿ ನೀವು ಆರಿಸಿದ ಚಿಪ್‌ಗೆ ತಕ್ಕಂತೆ 5 ಅಥವಾ 3.3 ವೋಲ್ಟನ್ನು ತಾನೇ ಹೊಂದಿಸುತ್ತದೆ. 93ಸಿ ಓದುವಾಗ ಮಾತ್ರ ಒಮ್ಮೆಗೆ ಓದುವುದು 8 ಬಿಟ್ಟೋ 16 ಬಿಟ್ಟೋ ಎಂದು ಸರಿಯಾಗಿ ಆರಿಸಿ, ತಪ್ಪಿದರೆ ಫೈಲ್ ಅಸ್ತವ್ಯಸ್ತವಾಗುತ್ತದೆ. ಬಿಎಂಡಬ್ಲ್ಯು ಕ್ಲಸ್ಟರ್‌ಗಳಲ್ಲಿ ಸಿಗುವ ಎಂ35080ರಂಥ ಚಿಪ್‌ನಲ್ಲಿ ಮೊದಲ ಕೆಲವು ಸ್ಥಾನಗಳ ಸಂಖ್ಯೆ ಏರಬಲ್ಲದೇ ಹೊರತು ಇಳಿಯದು. ಓದಲು ತೊಂದರೆಯಿಲ್ಲ. ಕಿಲೋಮೀಟರ್ ಇಳಿಸುವುದಂತೂ ಅನೇಕ ದೇಶಗಳಲ್ಲಿ ಅಪರಾಧ, ಕೊಳ್ಳುವವರಿಗೆ ಮಾಡುವ ಮೋಸ.

ನ್ಯಾಂಡ್ ಓದುವ ಸಾಧನ ಪ್ರತಿ ಪುಟದ (ಒಮ್ಮೆಗೆ ಓದುವ ಮಾಹಿತಿಯ ತುಣುಕು) ಕೊನೆಯ ಹೆಚ್ಚುವರಿ ಭಾಗವನ್ನೂ ಓದಬೇಕು. 2048 ಬೈಟ್‌ನ ಪುಟಕ್ಕೆ ಸಾಮಾನ್ಯವಾಗಿ 64 ಬೈಟ್ ಜೊತೆಗಿರುತ್ತದೆ. ತಪ್ಪು ತಿದ್ದುವ ಲೆಕ್ಕ, ಕೆಟ್ಟ ಬ್ಲಾಕ್‌ಗಳ ಗುರುತು ಇರುವುದು ಅಲ್ಲಿ. ಇಎಂಎಂಸಿಗಾದರೆ ಆರ್‌ಟಿ809ಎಚ್, ಈಸಿ ಜೆಟ್ಯಾಗ್ ಪ್ಲಸ್‌ನಂಥವು. ಮುಖ್ಯ ಮಾಹಿತಿ ಇರುವ ಯೂಸರ್ ಭಾಗದ ಜೊತೆಗೆ, ಪರದೆ ಶುರುವಾಗಲು ಬೇಕಾಗುವ ಎರಡು ಬೂಟ್ ಭಾಗಗಳನ್ನೂ ಓದುತ್ತದೆಯೇ, ಚಿಪ್‌ನ ಸವೆತದ ಅಂದಾಜನ್ನು ತೋರಿಸುತ್ತದೆಯೇ ಎಂದು ವಿಚಾರಿಸಿ. ಒಂದೇ ಒಂದು ಕಾರಿಗಾಗಿ ಇಂಥ ಪೆಟ್ಟಿಗೆ ಕೊಳ್ಳಬೇಡಿ.

ಜೋಡಣೆ

ಎಂಟು ಕಾಲಿನ ಚಿಪ್‌ಗೆ ಕ್ಲಿಪ್ ಹಾಕಿ ಬೋರ್ಡ್‌ನಲ್ಲೇ ಓದಲು ಎಲ್ಲರಿಗೂ ಆಸೆ. ಆದರೆ ಕ್ಲಿಪ್‌ನಿಂದ ಹೋದ ಕರೆಂಟ್ ಪಕ್ಕದ ಪ್ರೊಸೆಸರನ್ನೂ ಎಬ್ಬಿಸುತ್ತದೆ, ಅದೂ ಅದೇ ತಂತಿಯ ಮೇಲೆ ಮಾತಾಡತೊಡಗುತ್ತದೆ. ಬಿಸಿಗಾಳಿಯಲ್ಲಿ ಚಿಪ್ ಬಿಡಿಸಿ ಸಾಕೆಟ್‌ನಲ್ಲಿಟ್ಟು ಓದುವುದೇ ನಂಬಿಕೆಯ ದಾರಿ. ಹಾಗಾಗಿ ಸಾಧನದ ಜೊತೆ ಚಿಪ್‌ನ ಅಗಲಕ್ಕೆ ಸರಿಯಾದ ಸಾಕೆಟ್ ಬರುತ್ತದೆಯೇ ನೋಡಿ. 150 ಮಿಲ್, 208 ಮಿಲ್ ಎಂದು ಸಾಮಾನ್ಯವಾಗಿ ಎರಡು ಅಗಲಗಳಿವೆ (ಮಿಲ್ ಎಂದರೆ ಇಂಚಿನ ಸಾವಿರದ ಒಂದು ಭಾಗ).

ಓದಿದ್ದು ನಿಜವೇ?

ಮೊದಲು ಚಿಪ್‌ನ ಐಡಿ (ತಯಾರಕ ಮತ್ತು ಮಾದರಿಯ ಸಂಕೇತ) ಓದಿಸಿ. ಡಬ್ಲ್ಯು25ಕ್ಯು64ಎಫ್‌ವಿ ಆದರೆ ಇಎಫ್ 40 17 ಎಂದು ಬರಬೇಕು. ಬಳಿಕ ಮೂರು ಸಲ ಪೂರ್ತಿ ಓದಿ, ಪ್ರತಿ ಸಲ ಚಿಪ್ ತೆಗೆದು ಮತ್ತೆ ಕೂರಿಸಿ, ಮೂರು ಫೈಲ್‌ಗಳ ಚೆಕ್‌ಸಮ್ (ಫೈಲ್‌ನಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಹೋಲಿಸಿ. ಫೈಲ್ ತುಂಬ ಬರೀ ಎಫ್‌ಎಫ್ ಅಥವಾ 00 ಇದ್ದರೆ ಸಂಪರ್ಕ ಸರಿಯಿಲ್ಲದ ಸಾಧ್ಯತೆಯೇ ಹೆಚ್ಚು, ಚಿಪ್ ಖಾಲಿ ಎಂದು ತೀರ್ಮಾನಿಸಬೇಡಿ. ಮೂರೂ ಬೇರೆ ಬೇರೆ ಬಂದರೆ ಕಾಲುಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ತಂತಿ ಗಿಡ್ಡ ಮಾಡಿ, ಓದುವ ವೇಗ ಇಳಿಸಿ ಮತ್ತೆ ಓದಿ. ನ್ಯಾಂಡ್‌ನಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ ಬದಲಾಗುವುದು ಸಹಜ, ಉಳಿದ ಚಿಪ್‌ಗಳಲ್ಲಿ ಅಲ್ಲ. ನ್ಯಾಂಡ್‌ನ ಆ ಚೂರುಪಾರು ವ್ಯತ್ಯಾಸ ಬಿಟ್ಟು ಮೂರು ಫೈಲ್ ಹೊಂದಿಕೆಯಾಗುವ ತನಕ ತಂತ್ರಾಂಶದ ‘ರೈಟ್’ ಮತ್ತು ‘ಇರೇಸ್’ ಬಟನ್‌ಗಳ ಹತ್ತಿರವೂ ಮೌಸ್ ಒಯ್ಯಬೇಡಿ.