ಹುಳುಮನೆಯಲ್ಲಿ ರಾಕ್ ಆಲ್ಬಂ: ತಮಟೆ, ಓಲಗ, ಗಿಟಾರನ್ನು ಒಂದೇ ಹಾಡಿಗೆ ಕೂರಿಸುವುದು ಹೇಗೆ?

ರಾಕ್ ಬ್ಯಾಂಡ್‌ನವರು ತಮಟೆ, ಓಲಗ ಸೇರಿಸಿ ಆಲ್ಬಂ ಮಾಡಲು ಹೊರಟಾಗ ಸಾಮಾನ್ಯವಾಗಿ ಮಾಡುವ ತಪ್ಪು ಒಂದಿದೆ. ಗಿಟಾರು, ಡ್ರಮ್ಸ್ ಎಲ್ಲ ಮುಗಿಸಿ, ಎಲೆಯ ತುದಿಗೆ ಉಪ್ಪಿನಕಾಯಿ ಬಡಿಸಿದಂತೆ ಕೊನೆಯಲ್ಲಿ ಓಲಗದವರನ್ನು ಕರೆಯುತ್ತಾರೆ. ಶಿಡ್ಲಘಟ್ಟದ ಕಡೆಯ ನಾಲ್ವರು ಹುಡುಗರ ತಂಡಕ್ಕೆ ಧ್ವನಿಮುದ್ರಣ ಮಾಡಿಕೊಡಲು ಹೋದ ನಾನೂ ಅದನ್ನೇ ಮಾಡಿದೆ. ಎರಡು ದಿನ ಕೂತು ಧ್ವನಿಮುದ್ರಣಕ್ಕೆ ಹಿಡಿದ ಗಿಟಾರಿನ ಮೇಲೆ ನಾಗಸ್ವರ ಊದಿಸಿದರೆ ಶ್ರುತಿ ಸೇರಲೇ ಇಲ್ಲ. ಊದುತ್ತಿದ್ದ ಹಿರಿಯರು ಮೂರು ಸಲ ಪ್ರಯತ್ನಿಸಿ, ಬಾಯಿ ಒರೆಸಿಕೊಂಡು ಹೇಳಿದರು: “ನನ್ನ ಕೊಳವೆಗೆ ತೂತು ಕೊರೆದಾಗಿದೆ ತಮ್ಮಾ. ತಿರುಪು ಇರುವುದು ನಿಮ್ಮ ವಾದ್ಯಕ್ಕೆ.”

ಎರಡು ದಿನದ ಕೆಲಸ ಅಳಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆವು. ಈ ಸಲ ಬಗ್ಗದ ವಾದ್ಯ ಮೊದಲು, ಬಗ್ಗುವ ವಾದ್ಯ ಆಮೇಲೆ. ಇದೇನೂ ಹೊಸ ವಿದ್ಯೆಯಲ್ಲ. 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಂನಲ್ಲಿ ಜಾರ್ಜ್ ಹ್ಯಾರಿಸನ್ ಅವರ ಹಾಡಿಗೆ ಬೀಟಲ್ಸ್ ತಂಡ ಲಂಡನ್ನಿನಲ್ಲಿದ್ದ ಭಾರತೀಯ ವಾದಕರ ದಿಲ್‌ರುಬಾ (ಕಮಾನಿನಿಂದ ನುಡಿಸುವ ತಂತಿವಾದ್ಯ), ತಬಲ, ತಂಬೂರಿಗಳನ್ನು ಮೊದಲು ಹಿಡಿಯಿತು. ಎಂಟು ಪಿಟೀಲು, ಮೂರು ಚೆಲ್ಲೊ ಸೇರಿದ್ದು ಅದಾದ ಮೇಲೆ. ದಿಲ್‌ರುಬಾದ ಜಾರು ಹೋದಲ್ಲಿಗೇ ಪಿಟೀಲೂ ಹೋಗುವಂತೆ ನಿರ್ಮಾಪಕ ಜಾರ್ಜ್ ಮಾರ್ಟಿನ್ ಸ್ವರಪ್ರಸ್ತಾರ ಬರೆದುಕೊಟ್ಟಿದ್ದರು. ಅವರ ಕೈಯಲ್ಲಿದ್ದದ್ದು ನಾಲ್ಕೇ ಟ್ರ್ಯಾಕ್‌ಗಳ ಟೇಪ್ ಯಂತ್ರ. ನಮ್ಮ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಟ್ರ್ಯಾಕ್‌ಗಳಿಗೆ ಲೆಕ್ಕವೇ ಇರಲಿಲ್ಲ.

ಜಾಗ

ಬೆಂಗಳೂರಿನ ಸ್ಟುಡಿಯೊ ಬಾಡಿಗೆಗೆ ಹೆದರಿ ನಾವು ಆರಿಸಿಕೊಂಡದ್ದು ತಂಡದ ಡ್ರಮ್ಮರ್ ಮನೆಯವರ ರೇಷ್ಮೆ ಹುಳುಮನೆ. ಒಂದು ಬೆಳೆ ಗೂಡು ಮಾರುಕಟ್ಟೆಗೆ ಹೋಗಿ, ಮುಂದಿನದಕ್ಕೆ ಸೋಂಕು ನಿವಾರಣೆ ಮಾಡುವ ನಡುವೆ ಐದು ದಿನ ಖಾಲಿ ಇತ್ತು. ಒಳಗೆ ಸೊಳ್ಳೆ ಬತ್ತಿ ಹಚ್ಚಕೂಡದು, ಅದರ ಅಂಶ ಉಳಿದರೆ ಮುಂದಿನ ಹುಳುಗಳಿಗೆ ಕುತ್ತು ಎಂದು ಮನೆಯೊಡತಿ ಮೊದಲೇ ಎಚ್ಚರಿಸಿದ್ದರು. ಐದು ರಾತ್ರಿ ಸೊಳ್ಳೆ ಕಚ್ಚಿಸಿಕೊಂಡೇ ಕೆಲಸ ಮಾಡಿದೆವು.

ಖಾಲಿ ಕೋಣೆಯ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ‘ಟ್ರ್‌ರ್’ ಎಂಬ ಬಾಲ ಬಂದರೆ ಶಬ್ದ ಎದುರುಬದುರು ಗೋಡೆಗಳ ನಡುವೆ ಚೆಂಡಾಡುತ್ತಿದೆ ಎಂದರ್ಥ. ಇದಕ್ಕೆ ಮದ್ದು ಹುಳುಮನೆಯಲ್ಲೇ ಸಿಕ್ಕಿತು. ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದೆವು. ಅದರ ಸುರುಳಿ ಪಟ್ಟಿಗಳು ತಾರದ ಶಬ್ದವನ್ನು ಚೂರು ಮಾಡಿ ಚೆಲ್ಲುತ್ತವೆ. ಎಡೆಯಲ್ಲಿ ಅಂಟಿಕೊಂಡಿದ್ದ ರೇಷ್ಮೆ ಎಳೆಗಳು ಬಲ್ಬಿನ ಬೆಳಕಿಗೆ ಮಿನುಗುತ್ತಿದ್ದವು. ಅದರಿಂದ ಶಬ್ದಕ್ಕೆ ಲಾಭವಿಲ್ಲ, ಕಣ್ಣಿಗಿದೆ. ಮಂದ್ರದ ಗುಡುಗಿಗೆ ಮಾತ್ರ ಚಂದ್ರಿಕೆ ಸಾಲದು. ಮೂಲೆಗಳಿಗೆ ಹತ್ತಿ ಹಾಸಿಗೆ ಸುತ್ತಿ ನಿಲ್ಲಿಸಬೇಕು.

ಶ್ರುತಿ

ಆಲ್ಬಂ ಗೆಲ್ಲುವುದೂ ಕೆಡುವುದೂ ಇಲ್ಲೇ, ಆದ್ದರಿಂದ ಅವಸರ ಬೇಡ. ಮೊಬೈಲಿನ ಟ್ಯೂನರ್ ಆ್ಯಪ್ ಮುಂದೆ ನಾಗಸ್ವರದವರಿಂದ ಆಧಾರ ಷಡ್ಜ ಊದಿಸಿ, ಅದೂ ಹತ್ತು ನಿಮಿಷ ಊದಿ ವಾದ್ಯ ಬೆಚ್ಚಗಾದ ಮೇಲೆ. ನಮ್ಮ ಹಿರಿಯರ ವಾದ್ಯ ಎರಡೂವರೆ ಮನೆ ಶ್ರುತಿಯದು, ಅಂದರೆ ಪಾಶ್ಚಾತ್ಯರ ‘ಡಿ ಶಾರ್ಪ್’. ಗಿಟಾರಿನ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿದರೆ ‘ಇ’ ತಂತಿ ಸರಿಯಾಗಿ ಅಲ್ಲಿಗೇ ಬಂದು ಕೂರುತ್ತದೆ. ಇಳಿಸಿದ ತಂತಿ ಸಡಿಲವಾಗುವುದರಿಂದ ಒಂದು ಅಳತೆ ಹೆಚ್ಚು ದಪ್ಪದ ತಂತಿ ಕಟ್ಟುವುದು ಮೇಲು. ಟ್ಯೂನರಿನ ಮುಳ್ಳು ಇನ್ನೂ ಹತ್ತು ಹದಿನೈದು ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಅತ್ತಿತ್ತ ಇದ್ದರೆ ಗಿಟಾರನ್ನೂ ಅಷ್ಟೇ ಸರಿಸಿ. ಕೀಬೋರ್ಡ್‌ಗೂ ಈ ಸೌಲಭ್ಯ ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಬೇಕು.

ತಮಟೆ

ತಮಟೆಗೆ 2023ರಲ್ಲಿ ಪದ್ಮಶ್ರೀ ಗೌರವ ತಂದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ಇದೇ ಚಿಕ್ಕಬಳ್ಳಾಪುರ ಜಿಲ್ಲೆಯವರು. ಇಲ್ಲಿ ತಮಟೆಯನ್ನು ‘ಎಫೆಕ್ಟ್’ ಎಂದು ಕರೆದು ನೋಡಿ, ಯಾರಾದರೂ ಎದ್ದು ಹೋಗುತ್ತಾರೆ, ಹೋಗಲೂಬೇಕು.

ಚರ್ಮದ ತಮಟೆಯನ್ನು ಬೆಂಕಿಗೆ ಕಾಯಿಸಿದರೆ ಬಿಗಿಯಾಗಿ ಖಣಿಲೆನ್ನುತ್ತದೆ, ಆರುತ್ತಾ ಬಂದಂತೆ ಇಳಿಯುತ್ತದೆ. ಆದ್ದರಿಂದ ಮೈಕು, ಕೇಬಲ್ಲು, ಮಟ್ಟ ಎಲ್ಲ ಸಿದ್ಧವಾದ ಮೇಲೆಯೇ ಹೊರಗೆ ಹುಲ್ಲಿಗೆ ಬೆಂಕಿ ಹಾಕಿ. ಒಂದು ಕಂಡೆನ್ಸರ್ ಮೈಕು ಆರಡಿ ದೂರದಲ್ಲಿ, ಒಂದು ಡೈನಮಿಕ್ ಮೈಕು ತಮಟೆಯ ಹಿಂಬದಿಯಲ್ಲಿ. ಎರಡನ್ನೂ ಕೂಡಿಸಿದಾಗ ಸದ್ದು ತೆಳುವಾದರೆ ಒಂದರ ಫೇಸ್ (ಶಬ್ದದ ಅಲೆಯ ಏರಿಳಿತ) ತಿರುಗಿಸುವ ಗುಂಡಿ ಒತ್ತಿ. 24 ಬಿಟ್‌ನಲ್ಲಿ ಹಿಡಿಯಿರಿ, ಅತಿ ಜೋರಿನ ಏಟೂ ಮೈನಸ್ 10 ಡೆಸಿಬೆಲ್ ದಾಟದಿರಲಿ.

ತಮಟೆಯವರ ಕಿವಿಗೆ ಕ್ಲಿಕ್, ಅಂದರೆ ತಾಳ ತಪ್ಪದಂತೆ ಕೇಳಿಸುವ ಟಿಕ್‌ಟಿಕ್ ಸದ್ದು, ಹಾಕಬೇಡಿ. ಕುಣಿತದ ನಡೆ ಏರುತ್ತಾ ಹೋಗುವುದೇ ಅದರ ಗತ್ತು. ಅವರು ಬಾರಿಸಿ ಮುಗಿಸಿದ ಮೇಲೆ ಏಟುಗಳಿಗೆ ಗುರುತು ಹಾಕುತ್ತಾ ಸಾಫ್ಟ್‌ವೇರ್‌ನಲ್ಲಿ ಟೆಂಪೊ ಮ್ಯಾಪ್ (ನಡೆಯ ಏರಿಳಿತದ ನಕ್ಷೆ) ಕಟ್ಟಿ, ಅದರಿಂದ ಹುಟ್ಟಿದ ಕ್ಲಿಕ್ಕನ್ನು ಡ್ರಮ್ಮರ್ ಕಿವಿಗೆ ಕೊಡಿ. ನಾಲ್ಕು ನಿಮಿಷದ ಹಾಡಿಗೆ ನನಗೆ ಒಂದಿಡೀ ಮಧ್ಯಾಹ್ನ ಬೇಕಾಯಿತು. ಡ್ರಮ್ಮರ್ ಗೊಣಗಿದ, ನಾಲ್ಕನೆಯ ಸಲಕ್ಕೆ ಒಗ್ಗಿಕೊಂಡ.

ಓಲಗವನ್ನು ಕೋಣೆಯೊಳಗೆ ಹಿಡಿಯಬೇಡಿ, ಅದು ಬಯಲಿನ ವಾದ್ಯ. ನಾವು ಮಾವಿನ ತೋಪಿನಲ್ಲಿ, ಗಾಳಿ ಏಳುವ ಮುನ್ನ ಬೆಳಗಿನ ಆರಕ್ಕೆ, ಮೈಕಿಗೆ ಸ್ಪಂಜಿನ ಟೋಪಿ ಹಾಕಿ ಹಿಡಿದೆವು. ಎರಡನೆಯ ಹಾಡಿನಲ್ಲಿ ಕೋಗಿಲೆಯೊಂದು ಸೇರಿಕೊಂಡಿದೆ. ತೆಗೆಯಲು ಮನಸ್ಸಾಗಲಿಲ್ಲ.

ಉಳಿದದ್ದು

ಇನ್ನು ಬೇಸ್, ಗಿಟಾರು, ಗಾಯನ. ಇವೆಲ್ಲ ಬಗ್ಗುವವು, ಬೇಗ ಮುಗಿಯುತ್ತವೆ. ಪಂಪ್‌ಸೆಟ್‌ಗೆ ವಿದ್ಯುತ್ ಬಿಡುವ ಹೊತ್ತಿನಲ್ಲಿ ಮಾತ್ರ ಎಲೆಕ್ಟ್ರಿಕ್ ಗಿಟಾರು ಹಿಡಿಯಬೇಡಿ, ಪಕ್ಕದ ಮೋಟಾರಿನ ಗುಂಯ್‌ಗುಡುವಿಕೆ ತಂತಿಯ ಕಂಪನ ಹಿಡಿಯುವ ಪಿಕಪ್‌ಗೆ ಹತ್ತುತ್ತದೆ. ಕೈವಾರ ತಾತಯ್ಯನವರ ತತ್ವಪದವೊಂದನ್ನು ಹಾಡುವಾಗ ಗಾಯಕನಿಗೆ ತಂಬೂರಿಯ ಶ್ರುತಿಯನ್ನಷ್ಟೇ ಕೇಳಿಸಿದೆವು. ಗಿಟಾರು ಕೇಳಿಸಿದರೆ ಆತ ಕಿರುಚುತ್ತಿದ್ದ.

ಮಿಶ್ರಣದಲ್ಲಿ ತಮಟೆಯೂ ಸ್ನೇರ್ ಡ್ರಮ್ಮೂ ಒಂದೇ ಜಾಗಕ್ಕೆ ಜಗಳವಾಡುತ್ತವೆ. ನಾನು ಸ್ನೇರನ್ನು ತಗ್ಗಿಸಿದೆ. ಸಿದ್ಧವಾದ ಹಾಡನ್ನು ಹೆಡ್‌ಫೋನಿನಲ್ಲಿ ಕೇಳಿದ್ದು ಸಾಲದೆಂದು ಗೂಡು ಸಾಗಿಸುವ ಟೆಂಪೊದ ಸ್ಪೀಕರಿನಲ್ಲೂ ಹಾಕಿ ಕೇಳಿದೆವು. ಬೇಸ್ ಕಾಣೆಯಾಗಿತ್ತು, ಮತ್ತೆ ತಿದ್ದಿದೆವು. ವಾದಕರ ಹೆಸರು, ಸಂಭಾವನೆ, ಮುಂದೆ ಹಣ ಬಂದರೆ ಪಾಲೆಷ್ಟು ಎಂಬುದನ್ನು ಧ್ವನಿಮುದ್ರಣಕ್ಕೆ ಮೊದಲೇ ಕಾಗದದಲ್ಲಿ ಬರೆದು ಸಹಿ ಮಾಡಿಸಿಕೊಂಡಿದ್ದರಿಂದ ಆ ತಕರಾರು ಬರಲಿಲ್ಲ.

ಐದನೆಯ ದಿನದ ಸಂಜೆ ನಾನು ಕೇಬಲ್ ಸುತ್ತುತ್ತಿರುವಾಗಲೇ ಮನೆಯೊಡತಿ ಬ್ಲೀಚಿಂಗ್ ಪುಡಿಯ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.