ಪಹಣಿ ಇಲ್ಲದವರ ಹೆಸರೂ ಪತ್ರದಲ್ಲಿ ಬರಬೇಕಿತ್ತು

ನಮ್ಮದು ಚಳ್ಳಕೆರೆ ತಾಲ್ಲೂಕಿನ ಸಣ್ಣ ಊರು. ಮಳೆ ಬಂದರೆ ಶೇಂಗಾ, ಬರದಿದ್ದರೆ ಸಾಲ. ಊರ ಪಕ್ಕದಲ್ಲೇ ಸಬ್‌ಸ್ಟೇಷನ್ ಇದೆ. ಅದಕ್ಕೆ ಹತ್ತಿರದ 20 ಎಕರೆಯಲ್ಲಿ, ಪಂಪ್‌ಸೆಟ್‌ಗಳಿಗೆ ಸೋಲಾರ್ ಕರೆಂಟು ಕೊಡುವ ಕುಸುಮ್-ಸಿ ಅನ್ನೋ ಸರ್ಕಾರಿ ಯೋಜನೆಯಡಿ ಸೋಲಾರ್ ಘಟಕ ಹಾಕುತ್ತೇವೆ ಅಂತ ಕಂಪನಿಯವರು ಬಂದರು. ಎಕರೆಗೆ ವರ್ಷಕ್ಕೆ 25,000 ರೂಪಾಯಿ ಬಾಡಿಗೆ. ಅಲ್ಲಿ ಆಗುವ ಕರೆಂಟು ನಮ್ಮ ಪಂಪ್‌ಸೆಟ್‌ಗಳ ಲೈನಿಗೇ (ಫೀಡರ್‌ಗೆ) ಹೋಗುತ್ತೆ, ಹಗಲು ಹೊತ್ತಲ್ಲೇ ತ್ರೀ ಫೇಸ್ ಸಿಗುತ್ತೆ. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ಮೋಟರ್ ಹಾಕಲು ಹೋದವರಿಗೆ ಇದರ ಬೆಲೆ ಗೊತ್ತು. ನಮ್ಮ ಚಿಕ್ಕಪ್ಪನಿಗೆ ಹಾವು ಕಚ್ಚಿದ್ದು ಹಾಗೆ ಹೋದಾಗಲೇ.

ಜಮೀನು ಒಂಬತ್ತು ಮನೆಯವರದು. ಅದರಲ್ಲಿ ನನ್ನದು ಮೂರು ಎಕರೆ. ಮಾತುಕತೆಗೆ ನನ್ನನ್ನೇ ಮುಂದೆ ಬಿಟ್ಟರು.

ಮೊದಲ ಸಭೆ ಗುಡಿ ಕಟ್ಟೆಯ ಮೇಲೆ ಆಯಿತು. ಎಲ್ಲ ಮುಗಿದು ಎದ್ದೇಳುವಾಗ, ನಮ್ಮ ಹೊಲಕ್ಕೆ ಪ್ರತಿ ವರ್ಷ ಕೂಲಿಗೆ ಬರುವ ಅಕ್ಕ ಒಬ್ಬರು ಕೇಳಿದರು: "ಅಣ್ಣಾ, ನಿಮಗೆ ಬಾಡಿಗೆ ಬರುತ್ತೆ. ನಮಗೇನು ಬರುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುವಾರ ನಾಲ್ಕು ಜನ ಪಾವಗಡದ ಕಡೆ ಹೋದೆವು. ನಮ್ಮ ಪಕ್ಕದ ತಾಲ್ಲೂಕೇ ಅಲ್ವಾ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ರೈತರು ಜಮೀನು ಮಾರಿಲ್ಲ. ಎಕರೆಗೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಅದು. ಹೊಲ ಇದ್ದವರು ಬ್ಯಾಂಕ್ ಪಾಸ್‌ಬುಕ್ ತೋರಿಸಿದರು. ಹೊಲ ಇಲ್ಲದ ಮನೆಯ ಜಗಲಿಯಲ್ಲಿ ಕೂತಾಗ ಬೇರೆಯೇ ಮಾತು ಕೇಳಿದೆವು. ಕಳೆ ತೆಗೆಯುವ ಕೆಲಸ ಹೋಯಿತು, ಕುರಿ ಮೇಯುವ ಜಾಗಕ್ಕೆ ಬೇಲಿ ಬಿತ್ತು ಅಂತ.

ವಾಪಸ್ ಬಂದು ನೋಟ್‌ಬುಕ್ ಹಿಡಿದು ಕೂತೆ. ನಮ್ಮ 20 ಎಕರೆ ಶೇಂಗಾಕ್ಕೆ ಬಿತ್ತೋದು, ಕಳೆ ತೆಗೆಯೋದು, ಕೀಳೋದು, ಕಾಯಿ ಬಿಡಿಸೋದು ಎಲ್ಲ ಸೇರಿ ವರ್ಷಕ್ಕೆ ಸುಮಾರು 500 ಆಳು. ಒಬ್ಬರ ಒಂದು ದಿನದ ಕೆಲಸ ಅಂದರೆ ಒಂದು ಆಳು. ಅದು 23 ಹೆಂಗಸರಿಗೆ ಹಂಚಿ ಹೋಗುತ್ತಿತ್ತು. ಒಬ್ಬೊಬ್ಬರ ಹೆಸರನ್ನೂ ಬರೆದೆ. ನನ್ನ ಬಾಡಿಗೆ ಯಾರ ಕೂಲಿಯಿಂದ ಬರುತ್ತಿದೆ ಅನ್ನೋದು ಆಗ ಕಣ್ಣಿಗೆ ಕಂಡಿತು.

ಮಾತುಕತೆಯಲ್ಲಿ ಮೊದಲ ಜಗ್ಗಾಟ ನಡೆದಿದ್ದು ಎರಡು ಮನೆಯವರ ಮಂಜೂರಿ ಜಮೀನಿನ ಮೇಲೆ. ಪರಿಶಿಷ್ಟ ಜಾತಿಯವರಿಗೆ ಸರ್ಕಾರ ಕೊಟ್ಟ ನಾಲ್ಕು ಎಕರೆ ಅದು. ಅಂಥ ಜಮೀನು ಬೇರೆಯವರ ಪಾಲಾಗದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಗುತ್ತಿಗೆಯೂ ಪರಭಾರೆಯ ಲೆಕ್ಕಕ್ಕೇ ಬರುತ್ತೆ, ಸರ್ಕಾರದ ಅನುಮತಿ ಬೇಕೇ ಬೇಕು. ಮಧ್ಯವರ್ತಿ "ಆ ನಾಲ್ಕು ಎಕರೆ ಬಿಟ್ಟುಬಿಡಿ, ಬೇರೆ ಹೊಲ ನೋಡೋಣ" ಅಂದ. ನಮ್ಮವರಲ್ಲೂ ಕೆಲವರು ಹೂಂ ಅಂದರು. ನಾನು ಒಪ್ಪಲಿಲ್ಲ. ಊರಲ್ಲಿ ಬಾಡಿಗೆ ಅಂತ ಬರೋದು ಇದೊಂದೇ ಸಲ, ಅದೂ ಅವರಿಗೆ ತಪ್ಪಿದರೆ ಹೇಗೆ? ಅರ್ಜಿ ಹಾಕಿ ಎಂಟು ತಿಂಗಳು ಕಾದೆವು. ಆ ಎಂಟು ತಿಂಗಳು ನಾನು ಬೈಸಿಕೊಂಡಿದ್ದು ಕಡಿಮೆಯಲ್ಲ. ಅನುಮತಿ ಬಂದ ದಿನ ಆ ಮನೆಯ ಅಜ್ಜಿ ನನ್ನ ಕೈ ಹಿಡಿದುಕೊಂಡು ಸುಮ್ನೆ ನಿಂತಿದ್ದರು.

ಕುರಿ ವಿಷಯ ಬಗೆಹರಿಸಿದ್ದು ನಮ್ಮೂರ ಕುರಿ ಅಜ್ಜ. ಕಂಪನಿಯ ಇಂಜಿನಿಯರ್ ನಕ್ಷೆಯಲ್ಲಿ ಪ್ಯಾನೆಲ್‌ನ ಕೆಳಗಿನ ಅಂಚು ನೆಲದಿಂದ ಒಂದೂವರೆ ಅಡಿಗೆ ಇತ್ತು. ಅಜ್ಜ ಏನೂ ಮಾತಾಡದೆ ಹಟ್ಟಿಗೆ ಹೋಗಿ ಒಂದು ಟಗರು ಎಳೆದು ತಂದರು. ಅದರ ಪಕ್ಕ ತಮ್ಮ ಕೋಲು ನಿಲ್ಲಿಸಿ, ಬೆನ್ನು ಬರುವ ಕಡೆ ಹೆಬ್ಬೆರಳು ಒತ್ತಿ ಹಿಡಿದರು. "ಇಷ್ಟು ಎತ್ತರ ಐತೆ ಸ್ವಾಮಿ. ಇದರ ಮೇಲೆ ಒಂದು ಗೇಣು ಬಿಡ್ರಿ" ಅಂದರು. ಇಂಜಿನಿಯರ್ ಟೇಪ್ ತೆಗೆದು ಅಳತೆ ಬರೆದುಕೊಂಡರು. ಮೂರು ಅಡಿ ಅಂತ ತೀರ್ಮಾನವಾಯಿತು. ಕಂಬದ ಖರ್ಚು ಸ್ವಲ್ಪ ಜಾಸ್ತಿ. ಆದರೆ ಮಳೆಗಾಲದಲ್ಲಿ ಹುಲ್ಲು ಕೊಯ್ಯಿಸುವ ಖರ್ಚು ಅವರಿಗೆ ಉಳಿಯುತ್ತೆ, ಅದನ್ನೇ ಲೆಕ್ಕ ಹಾಕಿ ತೋರಿಸಿದೆ. ಕುರಿ ಮಾತ್ರ, ಮೇಕೆ ಬೇಡ ಅಂದರು. ಅದು ಸರಿಯೇ. ಮೇಕೆ ಪ್ಯಾನೆಲ್ ಮೇಲೆ ಹತ್ತುತ್ತೆ, ವೈರ್ ಕಡಿಯುತ್ತೆ. ಕುರಿ ಬಿಡುವ ದಿನ, ಗೇಟು, ಹಳ್ಳಕ್ಕೆ ಹೋಗುವ ದಾರಿ ಎಲ್ಲ ಗುತ್ತಿಗೆ ಪತ್ರದಲ್ಲಿ ಬಂತು. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು. ಹಾಗಾಗಿ ಅಜ್ಜನ ದಾರಿಯೂ ಸಬ್‌ರಿಜಿಸ್ಟ್ರಾರ್ ಕಚೇರಿಯ ದಾಖಲೆ ಸೇರಿತು.

ಕೂಲಿ ವಿಷಯದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಪತ್ರದಲ್ಲಿ "ಊರಿನವರಿಗೆ ಆದ್ಯತೆ" ಅಂತ ಬರೆಸಿದೆ. ಎಷ್ಟು ಜನ, ಎಷ್ಟು ದಿನ, ಎಷ್ಟು ಕೂಲಿ ಅಂತ ಬರೆಸಲಿಲ್ಲ. ಕಟ್ಟುವಾಗ 60 ಜನಕ್ಕೆ ಕೆಲಸ ಇತ್ತು, ಎಲ್ಲರೂ ಖುಷಿಯಾಗಿದ್ದರು. ಕಟ್ಟಿ ಮುಗಿದ ಮೇಲೆ ಉಳಿದವರು ಇಬ್ಬರು ವಾಚ್‌ಮನ್. ಪ್ಯಾನೆಲ್ ತೊಳೆಯಲು ಹೊರಗಿನ ತಂಡ ಬಂತು. ಕೇಳಲು ಹೋದರೆ ಆದ್ಯತೆ ಕೊಟ್ಟಿದ್ದೇವಲ್ಲ ಅಂದರು.

ಮತ್ತೆ ಕೂತು ಮಾತಾಡಿ ಪತ್ರಕ್ಕೆ ತಿದ್ದುಪಡಿ ಮಾಡಿಸಲು ಐದು ತಿಂಗಳು ಹಿಡಿಯಿತು. ಈಗ ಎಂಟು ಜನ ಹೆಂಗಸರು ತಿಂಗಳಿಗೆ ನಾಲ್ಕು ದಿನ ತೊಳೆಯುತ್ತಾರೆ. ಬೆಳಗಿನ ಜಾವವೇ ಹೋಗಬೇಕು. ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಭಯ. ನಮ್ಮ ಬೋರ್ ನೀರು ಗಡಸು, ಒಣಗಿದರೆ ಬಿಳಿ ಕಲೆ ಕೂರುತ್ತೆ. ಅದಕ್ಕೆ ಕಂಪನಿಯವರೇ ಮೆದು ನೀರಿನ ಟ್ಯಾಂಕರ್ ತರಿಸುತ್ತಾರೆ. ಉದ್ದ ಕೋಲಿನ ಮೆತ್ತನೆ ಬ್ರಷ್ ಹಿಡಿದು ಮೇಲಿಂದ ಕೆಳಕ್ಕೆ ಎಳೆಯುತ್ತಾ ಹೋಗುತ್ತಾರೆ. ಏಳೂವರೆಗೆ ಮುಗಿಸಿ ಬೇರೆ ಹೊಲದ ಕೂಲಿಗೂ ಹೋಗುವವರಿದ್ದಾರೆ.

ಮಳೆಗಾಲದ ಎರಡು ತಿಂಗಳು ಬಿಟ್ಟರೆ ವರ್ಷಕ್ಕೆ ಸುಮಾರು 320 ಆಳು ಆಗುತ್ತೆ. 500ಕ್ಕೆ ಇನ್ನೂ 180 ಕಡಿಮೆ. ಕೆಲಸ ಸಿಗದ 15 ಜನಕ್ಕೆ ಅಂತ ನಾವು ಜಮೀನಿನವರು ಬಾಡಿಗೆಯಲ್ಲಿ ಎಕರೆಗೆ ಸಾವಿರ ರೂಪಾಯಿ ತೆಗೆದು ಮಹಿಳಾ ಸಂಘಕ್ಕೆ ಕಟ್ಟುತ್ತೇವೆ. ಅದರಲ್ಲಿ ಹೊಲಿಗೆ ಯಂತ್ರ ಬಂದಿದೆ, ಎರಡು ಮನೆಗೆ ಕುರಿಮರಿ ಬಂದಿದೆ. ಇದು ಸಾಲದು ಅಂತ ನನಗೆ ಗೊತ್ತು. ಎರಡು ಸಾವಿರಕ್ಕೆ ಏರಿಸಬೇಕು ಅಂತ ಕೇಳುತ್ತಿದ್ದೇನೆ, ಇನ್ನೂ ನಾಲ್ಕು ಮನೆಯವರು ಒಪ್ಪಿಲ್ಲ.

ಕಟ್ಟೆಯ ಮೇಲೆ ಅವತ್ತು ಕೇಳಿದ ಆ ಅಕ್ಕ ಈಗ ಊರಲ್ಲಿಲ್ಲ. ಹೊರಗಿನ ತಂಡ ತೊಳೆಯುತ್ತಿದ್ದ ಆ ಐದು ತಿಂಗಳಲ್ಲೇ ಗಂಡ ಮಕ್ಕಳ ಜೊತೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು. ಮನೆಗೆ ಬೀಗ ಇದೆ. ತೊಳೆಯುವವರ ಪಟ್ಟಿಯಲ್ಲಿ ಒಂಬತ್ತನೆಯ ಹೆಸರು ಅವರದೇ ಇದೆ, ಅಳಿಸಿಲ್ಲ. ಯುಗಾದಿಗೆ ಬರುತ್ತೇವೆ ಅಂತ ಫೋನಿನಲ್ಲಿ ಹೇಳಿದ್ದಾರೆ.