ಆ ಒಂದೂವರೆ ಸ್ಟಾಪ್‌ಗಾಗಿ ಎಷ್ಟು ಭಾರ ಹೊರಬೇಕು?

ಚಿಕ್ಕ ಲೆನ್ಸ್ ಕೊಳ್ಳಲು ಹೊರಟಾಗ ನಾನು ಮೊದಲು ತೆರೆದದ್ದು ವಿಮರ್ಶೆಗಳನ್ನಲ್ಲ, ನನ್ನದೇ ಹಳೆಯ ಫೋಟೋಗಳನ್ನು. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಅವನ್ನು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಗಲ) ಪ್ರಕಾರ ಸೋಸಿದರೆ ನಮ್ಮ ಅಭ್ಯಾಸ ಬಯಲಾಗುತ್ತದೆ. ನನ್ನವು ಹೆಚ್ಚಿನವು ಎಫ್/4ರಿಂದ ಎಫ್/8ರ ನಡುವಿನವು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ಅಗಲ). ಎಫ್/2ಕ್ಕಿಂತ ಅಗಲವಾಗಿ ತೆರೆದದ್ದು ಮನೆಯೊಳಗೆ, ಓಡಾಡುವ ಮಕ್ಕಳ ಬೆನ್ನು ಹತ್ತಿದಾಗ ಮಾತ್ರ.

ಇದನ್ನೇ ಮೊದಲು ನೋಡಿದ್ದಕ್ಕೆ ಕಾರಣವಿದೆ. ಒಂದೇ ಫೋಕಲ್ ಲೆಂತ್‌ನ (ದೃಶ್ಯ ಎಷ್ಟು ಅಗಲ ಕಾಣುತ್ತದೆಂದು ಹೇಳುವ ಎಂಎಂ ಅಳತೆ) ಆಸುಪಾಸಿನಲ್ಲಿ ಗಾತ್ರ, ತೂಕ, ಬೆಲೆ ಮೂರನ್ನೂ ಏರಿಸುವುದು ಮುಖ್ಯವಾಗಿ ಅಪರ್ಚರ್. ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ವ್ಯಾಸ ಸಿಗುತ್ತದೆ: 40 ಎಂಎಂ ಎಫ್/2ಕ್ಕೆ 20 ಮಿ.ಮೀ., 50 ಎಂಎಂ ಎಫ್/1.2ಕ್ಕೆ ಸುಮಾರು 42. ಕಿಂಡಿ ಅಗಲವಾದಂತೆ ಅದರ ಅಂಚಿನಿಂದ ಬರುವ ಕಿರಣಗಳನ್ನು ಒಂದೆಡೆ ಸೇರಿಸುವುದು ಕಷ್ಟ, ಅದಕ್ಕೆ ಹೆಚ್ಚು ಗಾಜು ಬೇಕು. ನಿಕಾನ್ ಝಡ್ ಸಾಲಿನಲ್ಲೇ ನೋಡಿ: 40 ಎಫ್/2ರಲ್ಲಿ 6 ಗಾಜು, ತೂಕ 170 ಗ್ರಾಂ, 50 ಎಫ್/1.8 ಎಸ್‌ನಲ್ಲಿ 12 ಗಾಜು, 415 ಗ್ರಾಂ; 50 ಎಫ್/1.2 ಎಸ್‌ನಲ್ಲಿ 17 ಗಾಜು, 1,090 ಗ್ರಾಂ. ಮೊದಲನೆಯದಕ್ಕೂ ಕೊನೆಯದಕ್ಕೂ ಬೆಳಕಿನಲ್ಲಿರುವ ವ್ಯತ್ಯಾಸ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ಫಿಲ್ಟರ್ ಅಳತೆಯೂ 52ರಿಂದ 82 ಮಿ.ಮೀ.ಗೆ ಏರುತ್ತದೆ, ಆ ಖರ್ಚು ಲೆನ್ಸಿನ ಬೆಲೆಚೀಟಿಯಲ್ಲಿ ಕಾಣುವುದಿಲ್ಲ.

ಹಾಗಂತ ಚಿಕ್ಕದ್ದೆಲ್ಲ ಒಳ್ಳೆಯದೂ ಅಲ್ಲ. 125 ಗ್ರಾಂ ತೂಗುವ 26 ಎಂಎಂ ಎಫ್/2.8 ಮೇಲೆ ಕಣ್ಣಿತ್ತು, ಉದ್ದ ಬರೀ 23.5 ಮಿ.ಮೀ. ಆದರೆ ನನ್ನ ಕ್ಯಾಮೆರಾದ ಗ್ರಿಪ್ ಅದಕ್ಕಿಂತ ಮುಂದಕ್ಕೆ ಚಾಚಿದೆ. ಗ್ರಿಪ್‌ಗಿಂತ ತೆಳ್ಳಗಿನ ಲೆನ್ಸ್ ಹಾಕಿದರೆ ಚೀಲದಲ್ಲಿ ಜಾಗವೇನೂ ಉಳಿಯದು. ಎಫ್/2ಕ್ಕೆ ಹೋಲಿಸಿದರೆ ಒಂದು ಸ್ಟಾಪ್ ಬೆಳಕಂತೂ ಕೈಬಿಡುತ್ತದೆ: ಐಎಸ್‌ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಮಟ್ಟ) 3200 ಸಾಲುತ್ತಿದ್ದಲ್ಲಿ 6400 ಬೇಕು. ಕ್ಯಾಮೆರಾದ ಸ್ಟೆಬಿಲೈಸೇಶನ್ ನಮ್ಮ ಕೈ ನಡುಕವನ್ನು ತಡೆದೀತು, ಮಗುವಿನ ಓಟವನ್ನಲ್ಲ.

ಉಳಿದ 40 ಮತ್ತು 50 ಎಫ್/1.8 ಎರಡನ್ನೂ ಹಾಕಿ ನೋಡಿದೆ. ಟ್ರೈಪಾಡ್ ಮೇಲೆ ಒಂದೇ ದೃಶ್ಯ, ಪೂರ್ತಿ ತೆರೆದು ಒಮ್ಮೆ, ಎಫ್/5.6ರಲ್ಲಿ ಒಮ್ಮೆ. ಮೂಲೆಗಳ ಹರಿತ ನೋಡುವಾಗ ಫೋಕಸನ್ನು ಮೂಲೆಗೇ ಹೊಸದಾಗಿ ಇಟ್ಟೆ. ಮಧ್ಯಕ್ಕೆ ಫೋಕಸ್ ಮಾಡಿ ಮೂಲೆ ನೋಡಿದರೆ, ಫೋಕಸ್ ತಲ ಬಾಗಿರುವ ಲೆನ್ಸಿಗೆ ಅನ್ಯಾಯವಾಗುತ್ತದೆ. ಮೂಲೆಯ ಕತ್ತಲನ್ನು ಕ್ಯಾಮೆರಾ ತಾನೇ ತಿದ್ದುವುದನ್ನೂ ಆಫ್ ಮಾಡಿದ್ದೆ, ಯಾಕೆಂದರೆ ಎತ್ತಿ ಬೆಳಗಿಸಿದ ಮೂಲೆಯಲ್ಲಿ ನಾಯ್ಸ್ (ಕಾಳುಕಾಳಾದ ಚುಕ್ಕೆಗಳು) ಹೆಚ್ಚುತ್ತದೆ. ಪೂರ್ತಿ ತೆರೆದಾಗ 50 ಸ್ಪಷ್ಟವಾಗಿ ಮುಂದು. ಎಫ್/5.6ಕ್ಕೆ ಬಂದಾಗ, ಪರದೆಯ ಮೇಲೆ ಹಿಗ್ಗಿಸಿ ಹುಡುಕಿದರಷ್ಟೇ ವ್ಯತ್ಯಾಸ. ನಾನು ಹೆಚ್ಚಾಗಿ ಫೋಟೋ ತೆಗೆಯುವುದೇ ಅಲ್ಲಿ.

40 ತೆಗೆದುಕೊಂಡೆ. ಕ್ಯಾಮೆರಾಗೆ ಕೂರುವ ಅದರ ಪ್ಲಾಸ್ಟಿಕ್ ಮೌಂಟ್ ನನಗೆ ಈಗಲೂ ಹಿಡಿಸಿಲ್ಲ, ಎಫ್/2ರಲ್ಲಿ ಹತ್ತಿರದಿಂದ ತೆಗೆದರೆ ಚಿತ್ರ ತುಸು ಮೆತ್ತಗಾಗುತ್ತದೆ. ಹತ್ತಿರದ ಫೋಟೋಗೆ ಎಫ್/2.8ಕ್ಕೆ ಇಳಿಸುತ್ತೇನೆ. ಯಾರದಾದರೂ ಮದುವೆಗೆ ಒಪ್ಪಿಕೊಂಡರೆ 1.2 ಅನ್ನು ಬಾಡಿಗೆಗೆ ತರುತ್ತೇನೆ, ಮರುದಿನ ವಾಪಸ್ ಕೊಡುತ್ತೇನೆ.